ಕೊಕ್ಕೆಗೆ ನೇತುಬಿದ್ದ ಕ್ಯಾನು

ಕಷ್ಟವೆಲ್ಲ ಶುರುವಾದದ್ದು ಒಂದು ಬಿಳಿ ಕ್ಯಾನಿನಿಂದ. ಮೂರು ಲೀಟರು ಹಿಡಿಯುವ, ಕೆಂಪು ಮುಚ್ಚಳದ, ಖಾಲಿ ಕ್ಯಾನು.

ಕೊಟ್ಟವರು ಕಟ್ಟಡ ಕಂಪನಿಯ ಡಾಕ್ಟರಮ್ಮ. ಈಸಿಕೊಂಡವನು ಕ್ರೇನು ನಡೆಸುವವನು. ಇಪ್ಪತ್ತಾರು ವರ್ಷ ಮೋಡದ ಮಗ್ಗುಲಲ್ಲಿ ಕೂತು ದುಡಿದವನೆಂದು ಎಲ್ಲರೂ ಅವನನ್ನು ಹದ್ದು ಎಂದೇ ಕರೆಯುತ್ತಿದ್ದರು.

“ನಿನ್ನ ಬಿಪಿ ಗೆರೆ ಮೇಲೆ ನಿಂತಿದೆ,” ಅಂದರು ಡಾಕ್ಟರಮ್ಮ. “ಇವತ್ತು ಹನ್ನೆರಡು ಗಂಟೆಯಿಂದ ನಾಳೆ ಹನ್ನೆರಡರ ತನಕ ಒಂದಕ್ಕೆ ಹೋಗಿದ್ದೆಲ್ಲ ಇದರಲ್ಲೇ ಹಿಡಿ. ಎಷ್ಟು ಉಪ್ಪು ತಿಂತೀಯ ಅಂತ ಇದೇ ಹೇಳತ್ತೆ. ಜಾಸ್ತಿ ಇದ್ರೆ ನಾನು ಸಹಿ ಹಾಕಲ್ಲ. ಕ್ರೇನಿಂದ ಇಳೀಬೇಕಾಗತ್ತೆ.”

ನೆಲದ ಮೇಲೆ ಹದ್ದಿಗೆ ಬರುವ ಕೆಲಸ ಒಂದೂ ಇರಲಿಲ್ಲ. ನಡೆಯುವುದು ಕೂಡ ಅಷ್ಟಕ್ಕಷ್ಟೆ. ಉಪ್ಪಿನ ವಿಷಯಕ್ಕೆ ಬಂದರೆ, ತಟ್ಟೆಗೆ ಏನು ಬಿದ್ದಿದೆಯೆಂದು ನೋಡುವ ಮೊದಲೇ ಉಪ್ಪಿನ ಬಾಟಲಿ ಅಲ್ಲಾಡಿಸುವ ಆಸಾಮಿ ಅವನು. ಆ ಕ್ಯಾನಿನಲ್ಲಿ ಸಮುದ್ರವೇ ಸಿಗುತ್ತದೆಂದು ಅವನಿಗೆ ಖಾತ್ರಿಯಿತ್ತು.

ಮನೆಗೆ ಹೋಗಿ ಹೆಂಡತಿಗೆ ಹೇಳಬಹುದಿತ್ತು. ಬೈಸಿಕೊಳ್ಳುವವರಾರು ಎಂದು ನೇರ ಪಥ್ಯದವನ ಹತ್ತಿರ ಹೋದ.

ಪಥ್ಯದವನೆಂದರೆ ಅದೇ ಕ್ರೇನಿನ ಇನ್ನೊಬ್ಬ ಚಾಲಕ. ಬೆಳಿಗ್ಗೆ ಹದ್ದು ಹತ್ತಿದರೆ ಹನ್ನೊಂದಕ್ಕೆ ಇವನು. ಒಂಟಿ ಮನುಷ್ಯ. ಉಪ್ಪಿನ ಡಬ್ಬಿ ಮುಟ್ಟಿ ಎಂಟು ವರ್ಷವಾಯಿತೆಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರನ್ನು ನಿಲ್ಲಿಸಿಕೊಂಡೂ ಹೇಳುತ್ತಿದ್ದ.

“ನನ್ನದಾ?” ಅಂದ ಪಥ್ಯದವನು. ಮುಖ ಸನ್ಮಾನಕ್ಕೆ ಕರೆದಂತೆ ಅರಳಿತು. “ಧಾರಾಳವಾಗಿ ತಗೊಳ್ಳಯ್ಯ. ನಂದು ಸೋಸಿದ ನೀರಿದ್ದಂಗೆ. ಡಾಕ್ಟರಮ್ಮ ಫ್ರೇಮು ಹಾಕಿಸಿ ಇಟ್ಕೋತಾರೆ ನೋಡ್ತಿರು.”

ಮಾರನೆಯ ದಿನ ಹನ್ನೆರಡು ಗಂಟೆಗೆ ಕ್ಯಾನು ತುಂಬಿತು. ಆದರೆ ಆಗ ಪಥ್ಯದವನು ಮೇಲಿನ ಗೂಡಿನಲ್ಲಿದ್ದ, ಹದ್ದು ಕೆಳಗಿದ್ದ, ನಡುವೆ ಇನ್ನೂರು ಮೆಟ್ಟಿಲಿನ ಕಬ್ಬಿಣದ ಏಣಿ ಇತ್ತು. ಕ್ರೇನಿನವರು ಬುತ್ತಿಯನ್ನೂ ಬರಿದಾದ ನೀರಿನ ಬಾಟಲಿಯನ್ನೂ ಕೊಕ್ಕೆಗೆ ಸಿಕ್ಕಿಸಿಯೇ ಇಳಿಸುವುದು. ಪಥ್ಯದವನು ಕ್ಯಾನನ್ನೂ ಹಾಗೇ ಇಳಿಬಿಟ್ಟ.

ಹತ್ತು ಟನ್ನು ಎತ್ತುವ ಕೊಕ್ಕೆಗೆ ಜೋತುಬಿದ್ದ ಆ ಪುಟ್ಟ ಕ್ಯಾನು, ಆನೆಯ ಮೇಲೆ ಕೂತ ಇಲಿಮರಿಯಂತೆ ಠೀವಿಯಿಂದ ಇಳಿದು ಬಂತು. ಊಟಕ್ಕೆ ಕೂತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಗಾಳಿ ಬೀಸಿತು. ಕ್ಯಾನು ಹದ್ದಿನ ಕೈಗೆ ಸಿಗದೆ ಓಲಾಡಿ, ನೆಟ್ಟಗೆ ಹೋಗಿ ಮೇಸ್ತ್ರಿಯ ಎದೆಗೆ ತಾಗಿ ನಿಂತಿತು.

ಆ ತಿಂಗಳು ಡೀಸೆಲ್ ಕಳುವಾಗುತ್ತಿತ್ತು. ಮೇಸ್ತ್ರಿ ಮುಚ್ಚಳ ತೆಗೆದ. ಮೂಗು ಹತ್ತಿರ ತಂದ. ಮೂಗನ್ನು ದೂರ ಒಯ್ದ.

“ಯಾರದಯ್ಯ ಇದು?”

“ನಂದು ಸಾರ್.”

“ನೀನು ಕೆಳಗಿದ್ದೀಯ. ಇದು ಮೇಲಿಂದ ಬಂತು.”

“ಬೆಳಿಗ್ಗೆ ಮೇಲೆ ಮರೆತು ಬಂದಿದ್ದೆ ಸಾರ್. ಡಾಕ್ಟರಮ್ಮನಿಗೆ.”

ಬೆಸುಗೆಯವನು ಊಟ ಬಿಟ್ಟು ಎದ್ದು ಬಂದ. “ಬಣ್ಣ ನೋಡಿದ್ರೆ ನಿಂದಲ್ಲ ಅನ್ಸತ್ತಪ್ಪ.”

“ನಂದೇ ಕಣಯ್ಯ, ಇಷ್ಟು ಜನರ ಎದುರಿಗೆ ಹೇಳ್ತಿದೀನಿ.”

“ಹಂಗಾದ್ರೆ ಬರೆದುಕೊಡು,” ಅಂದ ಮೇಸ್ತ್ರಿ. “ನಾಳೆ ನನ್ನ ಕಡೆ ಬೆರಳು ತೋರಿಸಬಾರದು.”

ಹದ್ದು ಸಿಮೆಂಟು ಚೀಲದ ಕಾಗದ ಹರಿದು, ಕ್ಯಾನಿನಲ್ಲಿರುವುದು ತನ್ನದೇ ಎಂದು ಬರೆದು ಸಹಿ ಹಾಕಿದ. ಬೆಸುಗೆಯವನು ಸಾಕ್ಷಿ ಹಾಕಿದ. ಕಾವಲಿನವನು ಜಾಗ ಸಾಲದಿದ್ದರೂ ಮೂಲೆಯಲ್ಲಿ ತನ್ನದೂ ಒಂದು ಸಹಿ ಗೀಚಿದ. ಆಮೇಲೆ ಎಲ್ಲರೂ ಸೇರಿ ಅವನನ್ನು ಡಾಕ್ಟರಮ್ಮನ ಬಾಗಿಲ ತನಕ ಬಿಟ್ಟು ಬಂದರು.

ನಾಲ್ಕು ಗಂಟೆಗೆ ಕರೆ ಬಂತು. ಹದ್ದು ತಲೆ ಬಾಚಿಕೊಂಡು ಹೋದ.

ಡಾಕ್ಟರಮ್ಮ ಕೂತುಕೋ ಎನ್ನಲಿಲ್ಲ. “ಒಬ್ಬ ಮನುಷ್ಯನಿಗೆ ದಿನಕ್ಕೆ ಒಂದು ಟೀ ಚಮಚ ಉಪ್ಪು ಸಾಕು. ಇದರಲ್ಲಿ ನಾಲ್ಕು ಚಮಚದಷ್ಟಿದೆ. ಇಷ್ಟು ತಿನ್ನೋನು ಮೇಲೆ ಕೂತಿದಾನೆ ಅಂದ್ರೆ ನನಗೆ ಇಲ್ಲಿ ಕೂರೋಕೆ ಭಯ. ಯಾವ ಗಳಿಗೇಲಿ ತಲೆಯ ನರ ಒಡೆಯತ್ತೋ ಗೊತ್ತಾಗಲ್ಲ. ಈಚೆಗೆ ತಲೆನೋವು ಬರ್ತಿದೆಯಾ? ಕಣ್ಣು ಮಂಜಾಗತ್ತಾ?”

ಅವನಿಗೆ ಎರಡೂ ಇರಲಿಲ್ಲ. ಆದರೆ ವಾರದಿಂದ ಪಥ್ಯದವನು ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಏಣಿ ಹತ್ತುತ್ತಿದ್ದ. ಬಿಸಿಲು ಜಾಸ್ತಿ ಕಣಯ್ಯ ಎನ್ನುತ್ತಿದ್ದ.

ಹದ್ದು ಕಿಟಕಿಯಾಚೆ ನೋಡಿದ. ಕ್ರೇನಿನ ತೋಳು ಒಂದು ಹೊರೆ ಕಬ್ಬಿಣ ಹೊತ್ತು ನಿಧಾನ ತಿರುಗುತ್ತಿತ್ತು. ಕೆಳಗೆ ಇಪ್ಪತ್ತು ಜನ.

ಸುಮ್ಮನಿದ್ದರೆ ತನ್ನೊಬ್ಬನ ಕೆಲಸ ಹೋಗುತ್ತದೆ. ಬಾಯಿ ಬಿಟ್ಟರೆ ಕೆಲಸದ ಜೊತೆ ಮಾನವೂ ಹೋಗುತ್ತದೆ. ಅವನು ಬಹಳ ಹೊತ್ತು ಯೋಚಿಸಲಿಲ್ಲ; ಬದುಕಿನಲ್ಲಿ ಅವನು ಮಾಡಿದ ನೆಟ್ಟಗಿನ ಕೆಲಸ ಅದೊಂದೇ ಇರಬೇಕು.

“ಅದು ನಂದಲ್ಲಮ್ಮ. ಮೇಲಿರೋನದು. ಅವನನ್ನ ಇಳಿಸಿ.”

ಪಥ್ಯದವನನ್ನು ಉಪಾಯವಾಗಿ ಇಳಿಸಿದರು. ಬಿಪಿ ನೋಡಿದ ನರ್ಸು ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದಳು. ಅದೂ ಅದನ್ನೇ ಹೇಳಿತು. ಅವನ ಚೀಲ ತೆಗೆದು ನೋಡಿದರೆ ಪೊಟ್ಟಣದ ಸೂಪು, ಪೊಟ್ಟಣದ ನೂಡಲ್ಸು, ಬ್ರೆಡ್ಡು, ಸಾಸು, ಎರಡು ಬಗೆಯ ಚಿಪ್ಸು.

“ಇದೆಲ್ಲ ಏನಪ್ಪ?” ಅಂದರು ಡಾಕ್ಟರಮ್ಮ.

“ಊಟ. ಒಲೆ ಹಚ್ಚಿದ್ರೆ ತಾನೆ ಉಪ್ಪು ಹಾಕೋದು? ಎಂಟು ವರ್ಷದಿಂದ ನಾನು ಒಲೇನೇ ಹಚ್ಚಿಲ್ಲ.” ಆಂಬುಲೆನ್ಸು ಹತ್ತುವಾಗ ಹದ್ದಿನ ಕಡೆ ತಿರುಗಿ, “ಉಪಕಾರ ಮಾಡಿದ್ದಕ್ಕೆ ಚೆನ್ನಾಗಿ ಇಳಿಸಿದೆ,” ಅಂದ. ಅದೇ ಅವನ ಕೊನೆಯ ಮಾತು. ಬದುಕಿಕೊಂಡ, ಎಡಗೈ ಸ್ವಲ್ಪ ಸೋತಿದೆ. ಹದ್ದಿನ ಜೊತೆ ಮಾತ್ರ ಇವತ್ತಿಗೂ ಮಾತಿಲ್ಲ.

ಸುಳ್ಳು ಬರೆದುಕೊಟ್ಟವನನ್ನು ಕಂಪನಿ ಮತ್ತೆ ಮೇಲೆ ಹತ್ತಿಸಲಿಲ್ಲ. ಉಗ್ರಾಣದಲ್ಲಿ ಕೂತು ಬಂದವರಿಗೆ ಹೆಲ್ಮೆಟ್ಟು ಕೊಡುವ ಕೆಲಸಕ್ಕೆ ಹಾಕಿತು. ವಾರ ಬಿಟ್ಟು ಡಾಕ್ಟರಮ್ಮ ಅವನದನ್ನೇ ತರಿಸಿ ನೋಡಿದರು. ಎರಡು ಸಲ ನೋಡಿದರು.

“ಒಂದು ಚಮಚಕ್ಕೂ ಕಮ್ಮಿ. ಅವತ್ತೇ ಇದನ್ನ ಕೊಟ್ಟಿದ್ರೆ ಅಲ್ಲೇ ಸಹಿ ಹಾಕ್ತಿದ್ದೆನಲ್ಲಯ್ಯ.”

ಆ ದಿನ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಡಾಕ್ಟರಮ್ಮ ಹೇಳಿದ್ದನ್ನು ಒಪ್ಪಿಸಿದ. ಹೆಂಡತಿ ತಿರುಗಿ ನೋಡದೆ ಹೇಳಿದಳು:

“ಹೋದ ವರ್ಷವೇ ಡಾಕ್ಟರಮ್ಮ ನನ್ನ ಕರೆದು ಹೇಳಿದ್ರು. ನಿಮಗೆ ಹೇಳಿದ್ರೆ ತಟ್ಟೆ ತಳ್ಳಿ ಏಳ್ತೀರಿ. ಅದಕ್ಕೆ ತಿಂಗಳಿಗೊಂದು ಚಿಟಿಕೆ ಕಮ್ಮಿ ಮಾಡ್ತಾ ಬಂದೆ. ಬಾಟಲಿ ಮುಚ್ಚಳದ ತೂತೂ ಒಂದೊಂದಾಗಿ ಮೇಣದಲ್ಲಿ ಮುಚ್ಚಿದೆ. ಈಗ ಒಂದೇ ಉಳಿದಿದೆ.”

“ನನಗೊಂದು ಮಾತು ಹೇಳಬಾರದಿತ್ತೇನೆ?”

“ಕ್ಯಾನು ತಗೊಂಡು ಊರೆಲ್ಲ ತಿರುಗೋ ಮುಂಚೆ ನೀವೊಂದು ಮಾತು ಹೇಳಬಾರದಿತ್ತೇನ್ರೀ?”

ಅವನು ಕೈ ತೊಳೆದು ಕೂತ. ಅವಳು ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟ.

ಊಟ ಸಪ್ಪೆಯಾಗಿತ್ತು. ವರ್ಷದಿಂದ ಹಾಗೇ ಇತ್ತು. ಗೊತ್ತಾದದ್ದು ಮಾತ್ರ ಅವತ್ತು.