ಕೌಂಟರಿನ ಒಳಗೆ ಬಂದ ಸೋದರಮಾವ

ನನ್ನ ಸೋದರಮಾವನವರಿಗೆ ಹುಟ್ಟಿದಾಗಿನಿಂದ ಒಂದು ನೆಗಡಿಯೂ ಬಂದದ್ದಿಲ್ಲ. ಆದರೂ ದಾದರಿನ ಔಷಧದಂಗಡಿಯಲ್ಲಿ ನಾನು ಕಂಪೌಂಡರನಾಗಿದ್ದ ಕಾಲದಲ್ಲಿ ಅವರಷ್ಟು ಕಾಟ ಕೊಟ್ಟ ಗಿರಾಕಿ ಇನ್ನೊಬ್ಬನಿಲ್ಲ. ಅಂಗಡಿಯಲ್ಲಿ ಸೋದರಳಿಯನಿದ್ದಾನೆ ಎಂದಮೇಲೆ ಅಂಗಡಿಯೇ ತಮ್ಮದು ಎಂಬುದು ಅವರು ಧಾರವಾಡದಿಂದ ಕಟ್ಟಿಕೊಂಡು ಬಂದಿದ್ದ ನ್ಯಾಯ.

ಆ ವರ್ಷ ಮಾಮಿಯನ್ನು ಜ್ವರ ಬಿಡದೆ ಕಾಡುತ್ತಿತ್ತು. ಮಿಕ್ಸ್ಚರಿಗಾಗಿ ಮಾಮಾ ಖಾಲಿ ಸೀಸೆ ಹಿಡಿದು ಬರುವರು. ಸಾಲು? ಅದು ಪರಕೀಯರಿಗೆ. ನೆಟ್ಟಗೆ ಒಳಗೆ ನುಗ್ಗಿ, ಊಟಕ್ಕೆ ಹೋದ ಗುಜರಾತಿ ಶೇಠರ, ಎಂದರೆ ನಮ್ಮ ಮಾಲೀಕರ, ಕುರ್ಚಿಯಲ್ಲಿ ಆಸೀನರಾಗಿ, ಕೋಟಿನ ಜೇಬಿನಿಂದ ಆಫೀಸಿನ ಫೂಟುಪಟ್ಟಿ ತೆಗೆಯುವರು. ಹೊತ್ತಿಗೆ ಎಷ್ಟು ಔಷಧ ಎಂದು ತೋರಿಸಲು ಕಚ್ಚು ಕತ್ತರಿಸಿದ ಕಾಗದವನ್ನು ಸೀಸೆಗೆ ಅಂಟಿಸುವುದು ಆಗಿನ ಪದ್ಧತಿ. ಮಾಮಾ ಆ ಕಚ್ಚುಗಳನ್ನು ಅಳೆಯುವರು.

“ನಡುವಿಂದು ಸಣ್ಣದಾಗ್ಯದಲ್ಲೋ. ಮಧ್ಯಾಹ್ನದ ಡೋಸಿನ್ಯಾಗ ನಿಮ್ಮ ಮಾಮಿಗೆ ಮೋಸ ಮಾಡ್ತೀಯೇನು?”

ಆಮೇಲೆ ರುಚಿಯ ಪರೀಕ್ಷೆ. ಬೆರಳಿಗೆ ತೊಟ್ಟು ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ ತೀರ್ಪು: “ಮೊನ್ನಿನಷ್ಟು ಕಹಿ ಇಲ್ಲ. ನೀರು ಭಾಳ ಹಾಕೀದಿ.” ಸಾಲಿನಲ್ಲಿದ್ದವರೆಲ್ಲ ತಂತಮ್ಮ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡುವರು.

ಒಮ್ಮೆ ಕೆಮ್ಮಿನ ಸಿರಪ್ಪಿಗೆ ಬಂದ ಮರಾಠಿ ಮುದುಕಿಗೆ ಮೆಣಸಿನ ಕಷಾಯದ ಮಹಿಮೆಯನ್ನು ಬೋಧಿಸಿ ಬರಿಗೈಯಲ್ಲಿ ಮನೆಗೆ ಕಳಿಸಿಬಿಟ್ಟರು. ಊಟ ಮುಗಿಸಿ ಶೇಠರು ಬಂದದ್ದು ಸರಿಯಾಗಿ ಆ ಹೊತ್ತಿಗೆ. ಮಾಮಾ ಹೋದಮೇಲೆ ನನ್ನನ್ನು ಕರೆದು, “ಯೇ ಆದ್ಮಿ ಫಿರ್ ಅಂದರ್ ಬೈಠಾ, ತೋ ತುಮ್ ಬಾಹರ್,” ಎಂದರು. ಈ ಮನುಷ್ಯ ಮತ್ತೆ ಒಳಗೆ ಕೂತರೆ ನಾನು ಹೊರಗೆ.

ಅಲ್ಲಿಂದ ನನಗೆ ಗಳಿಗೆಯೂ ನೆಮ್ಮದಿಯಿಲ್ಲ. ಕೈ ಪುಡಿ ತೂಗುತ್ತಿದ್ದರೆ ಕಣ್ಣು ಬಾಗಿಲಲ್ಲಿ. ಟ್ರಾಮು ನಿಂತ ಸದ್ದಾದರೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ತೂಗುವೆನು. ಮಾಮಾನಂತೆ ಕರಿ ಟೋಪಿ ಹಾಕಿದವರೆಲ್ಲ ಸೋದರಮಾವನಾಗಿಯೇ ಕಾಣತೊಡಗಿದರು. ದಾದರಿನಲ್ಲಿ ಕರಿ ಟೋಪಿಗೇನು ಬರವೇ? ಕೊನೆಗೆ ಮಾಮಾ ಇದ್ದ ಚಾಳಿನ ಕೋಣೆಗೇ ಹೋಗಿ, ನನ್ನ ನೌಕರಿಗೆ ಕುತ್ತು ಬಂದ ಸಂಗತಿ ಅರಿಕೆ ಮಾಡಿಕೊಂಡೆ.

“ಹೌದೇನು? ನಾಳೆ ಬಂದು ನೋಡ್ತೀನಿ ತಗೋ ನಿಮ್ಮ ಶೇಠನ್ನ,” ಎಂದರು. ನಾನು ರಾತ್ರಿಯೆಲ್ಲ ಬೇರೆ ಅಂಗಡಿಗಳನ್ನು ನೆನೆದೆ.

ಮರುದಿನ ಬಂದರು. ಶೇಠರು ಕುರ್ಚಿಯಲ್ಲೇ ಇದ್ದರು. ಮಾಮಾ ಸಾಲಿನ ಕೊನೆಯಲ್ಲಿ ನಿಂತರು. ಆಮೇಲೆ ಬಂದವನೊಬ್ಬನಿಗೆ ಮುಂದೆ ಜಾಗವನ್ನೂ ಬಿಟ್ಟುಕೊಟ್ಟರು. ಸರದಿ ಬಂದಾಗ ನನ್ನ ಮುಖ ನೋಡದೆ ಸೀಸೆ ಇಟ್ಟು, “ಕಂಪೌಂಡರ್ ಸಾಹೇಬ್, ಜರಾ ಮಿಕ್ಸ್ಚರ್ ದೇನಾ,” ಎಂದರು. ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಮನುಷ್ಯ. ಗುರುತೇ ಇಲ್ಲದವರ ಹಾಗೆ.

ಕೊಟ್ಟದ್ದನ್ನು ತೆಗೆದುಕೊಂಡು ತಿರುಗಿದರು. ನನ್ನಿಂದ ತಡೆಯಲಾಗಲಿಲ್ಲ. ಶೇಠರಿಗೆ ಕೇಳಲಿ ಎಂದೇ ದೊಡ್ಡ ದನಿಯಲ್ಲಿ ಕರೆದೆ:

“ಮಾಮಾ, ಮಾಮಿಗೆ ಜ್ವರ ಇಳೀತೇನ್ರಿ?”

ಅವರು ಗಾಬರಿಯಿಂದ ಕುರ್ಚಿಯತ್ತ ನೋಡಿ, ನನ್ನ ಬಳಿಗೆ ಬಗ್ಗಿ ಪಿಸುಗುಟ್ಟಿದರು:

“ಸುಮ್ನಿರೋ ಹುಚ್ಚಾ. ನಾ ಯಾರೂ ಅಲ್ಲ ನಿನಗ.”