ಸೆರಗಿನಲ್ಲಿ ಹೆಸರು ನೇಯ್ದ ಕಾಕಾ

ಮಹಾಪುರುಷರಿಂದ ಉದ್ಧಾರವಾದವರು ಲೋಕದಲ್ಲಿ ಬಹಳ ಜನ. ಮಹಾಪುರುಷರಿಂದ ಕೆಟ್ಟವನು ಒಬ್ಬನೇ, ಅವನು ನನ್ನ ಕಾಕಾ! ತಾನೊಬ್ಬನೇ ಕೆಟ್ಟಿದ್ದರೆ ನನ್ನ ತಕರಾರಿರಲಿಲ್ಲ. ಮನೆಮಂದಿಯನ್ನೆಲ್ಲ ಜೊತೆಗೆ ಕೆಡಿಸಿದ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಗುವವರು ನಗಲಿ.

ಆಗಿನ್ನೂ ರಾಜರ ಕಾಲ. ರಬಕವಿಯ ನಮ್ಮ ಮನೆಯಲ್ಲಿ ಎರಡು ಮಗ್ಗ. ಒಂದು ಕಾಕಾನದು, ಇನ್ನೊಂದು ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅವನ ಮಗ್ಗ ನನ್ನ ಪಾಲಿಗೆ ಬಂತು, ನಾನೂ ತಂಗಿಯೂ ಕಾಕಾನ ಪಾಲಿಗೆ ಬಂದೆವು. ನೇಯ್ದ ಸೀರೆಯನ್ನು ಸಾವಕಾರನ ಅಂಗಡಿಗೆ ಕೊಡಲು ಕಾಕಾ ಜಮಖಂಡಿಗೆ ಹೋಗುತ್ತಿದ್ದ. ಅಲ್ಲಿ ವಾಚನಾಲಯ ಹೊಕ್ಕನೆಂದರೆ ಮುಗಿಯಿತು. ಹೋಗುವಾಗ ಹೆಗಲ ಮೇಲೆ ಸೀರೆ, ಬರುವಾಗ ತಲೆಯಲ್ಲೊಬ್ಬ ಮಹಾಪುರುಷ!

ಒಂದು ಸಲ, ಪ್ರಶ್ನೆ ಕೇಳಿ ಕೇಳಿಯೇ ಜನರಿಗೆ ಜ್ಞಾನ ಕೊಡುತ್ತಿದ್ದ ಗ್ರೀಸ್ ದೇಶದ ಮುದುಕನನ್ನು ತಂದ. ಮರುದಿನವೇ ನೂಲು ಮಾರುವವನು ಬರಬೇಕೆ!

"ನೂಲು ಛಲೋ ಐತಿ ಅಂತಿ. ಛಲೋ ಅಂದ್ರ ಏನು?" ಎಂದ ಕಾಕಾ.

"ಗಟ್ಟಿ ಇರೂದ್ರಿ."

"ಹಂಗಾರ ಕಬ್ಬಿಣದ ತಂತಿ ಇನ್ನೂ ಛಲೋ ಅಲ್ಲೇನು?"

"ತಂತೀನ ನೇಯ್ರಿ ಹಂಗಾರ!" ಎಂದು ಅವನು ಗಂಟು ಹೊತ್ತು ಬನಹಟ್ಟಿಯ ಹಾದಿ ಹಿಡಿದ. ನಾಲ್ಕು ದಿನ ಮಗ್ಗ ಖಾಲಿ. ಆ ಮುದುಕನಿಗೆ ಅವನ ಊರಿನವರೇ ವಿಷ ಕುಡಿಸಿದರಂತೆ. ಯಾಕೆಂದು ನನಗೆ ಅವತ್ತೇ ತಿಳಿಯಿತು.

ಇನ್ನೊಂದು ಸಲ ತಂದದ್ದು ಒಬ್ಬ ಸೇನಾಪತಿಯನ್ನು. ಸೈನಿಕರೆಲ್ಲ ಉಂಡ ಮೇಲೆಯೇ ಅವನು ಉಣ್ಣುತ್ತಿದ್ದನಂತೆ. "ನಾಯಕ ಅನ್ನಾವ ಕಡೀಕ ಉಣಬೇಕು!" ಎಂದು ಕಾಕಾ ಗೋಡೆಗೆ ಒರಗಿ ಕುಳಿತುಬಿಟ್ಟ. ಅವನ ಹೆಂಡತಿ ಕಾಕು, ಗಂಡ ಉಣ್ಣದೆ ಉಣ್ಣುವವಳಲ್ಲ. ಕಾಕು ಉಣ್ಣದೆ ಕಾಕಾ ಉಣ್ಣುವವನಲ್ಲ. ರೊಟ್ಟಿ ಒಣಗಿ ಹಪ್ಪಳವಾಯಿತು.

"ನೀವು ಎಲ್ಲಾರ ಹಿಂದ ಉಂಡ್ರ, ನಾ ಯಾರ ಹಿಂದ ಉಣ್ಲಿ?" ಎಂದು ಕಾಕು ಚೀರಿದಳು. ಪಾಪ, ಆ ಸೇನಾಪತಿಗೆ ಹೆಂಡತಿ ಇರಲಿಲ್ಲವೋ ಏನೋ!

ಇವೆಲ್ಲ ಸಣ್ಣವು. ದೊಡ್ಡದು ಇನ್ನು ಮುಂದಿದೆ. ವಿಲಾಯತಿಯ ಚಿತ್ರಕಾರರು ತಮ್ಮ ಚಿತ್ರದ ಮೂಲೆಯಲ್ಲಿ ತಮ್ಮ ಹೆಸರು ಬರೆಯುತ್ತಾರೆಂದು ಯಾವುದೋ ಪುಸ್ತಕದಲ್ಲಿ ಓದಿ ಬಂದ. "ಅವರದು ಕಲಾ, ನಮ್ಮದೇನು ಕಸಾ?" ಎಂದವನೇ ಎರಡು ಸೀರೆಗಳ ಸೆರಗಿನಲ್ಲಿ ದಪ್ಪ ಅಕ್ಷರದಲ್ಲಿ ತನ್ನ ಹೆಸರು ನೇಯ್ದ. ಅಂಗಡಿಗೆ ಬಂದ ಹೆಂಗಸರು ಸುಮ್ಮನಿದ್ದಾರೆಯೇ? "ಪರಗಂಡಸಿನ ಹೆಸರು ಉಟ್ಕೊಂಡು ನಾವು ಊರಾಗ ತಿರಗೂಣೇನು?" ಎಂದು ಸಾವಕಾರನ ಮುಖಕ್ಕೇ ಎಸೆದರು. ಎರಡೂ ಮನೆಗೆ ವಾಪಸು ಬಂದವು. ಅವನ್ನು ಉಡುವ ಹಕ್ಕು ಲೋಕದಲ್ಲಿ ಒಬ್ಬಳಿಗೇ ಇತ್ತಲ್ಲ!

"ಗಂಡನ ಹೆಸರು ಬಾಯಿಲೆ ಅನ್ನಬಾರದಂತ, ಮೈಮ್ಯಾಲ ಹೊತ್ತು ತಿರಗಬೇಕಂತ!" ಎಂದು ಗೊಣಗುತ್ತ ಕಾಕು ಎರಡು ವರ್ಷ ಅವನ್ನೇ ಉಟ್ಟಳು.

ಅಷ್ಟರಲ್ಲಿ ತಂಗಿಯ ಲಗ್ನ ಮುಧೋಳದ ಮನೆತನವೊಂದರಲ್ಲಿ ನಿಶ್ಚಯವಾಯಿತು. ತಂದೆಯಿಲ್ಲದ ಹುಡುಗಿ, ಸಿಕ್ಕಿದ್ದು ಒಳ್ಳೆಯ ಮನೆ, ವರನ ತಾಯಿಯೋ ಬಲು ಖಡಕ್ಕು. ತವರಿನ ಸೀರೆಯನ್ನು ತಾನೇ ನೇಯುತ್ತೇನೆಂದು ಕಾಕಾ ಹಟ ಹಿಡಿದ. ನಾನು ಅವನ ಮಗ್ಗದ ಮುಂದೆ ಹೋಗಿ ನಿಂತೆ.

"ಕಾಕಾ, ಹೆಸರು ಗಿಸರು ಅಂದ್ರ ನೋಡು ಮತ್ತ!"

"ನನ್ನ ಹೆಸರು ನೇಯೂದಿಲ್ಲ. ಆತಿಲ್ಲೋ?"

ನಂಬಿದೆ. ನೇಯ್ದ ಬಟ್ಟೆ ಮಗ್ಗದ ಉರುಳು ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ, ಗೇಣಗಲ ಬಿಟ್ಟರೆ ಏನೂ ಕಾಣುವುದಿಲ್ಲ. ಮಗ್ಗದಿಂದ ಇಳಿಸಿದವನೇ ಕಾಕಾ ಅದನ್ನು ಮಡಚಿ ಗಂಟು ಕಟ್ಟಿಟ್ಟ. ಲಗ್ನದ ಹಿಂದಿನ ದಿನ ಬೀಗರೆದುರಿಗೆ ಸೀರೆ ಬಿಚ್ಚಿದರು. ಸೆರಗಿನ ತುದಿಯಲ್ಲಿ ಮತ್ತೆ ಅಕ್ಷರ!

"ಯಾರದಿದು ಹೆಸರು?" ವರನ ತಾಯಿಯ ಹುಬ್ಬು ಮೇಲೇರಿತು.

ನಾನು ಓದಿದೆನೇ? ಓದುವ ತಾಳ್ಮೆ ಎಲ್ಲಿತ್ತು! "ನಿನಗ ನಾಚಿಕಿ ಐತೇನು ಕಾಕಾ? ತಂದಿ ಇಲ್ಲದ ಹುಡುಗಿ ಲಗ್ನ ಮುರೀತಿ! ಸುಡಗಾಡಿಗೆ ಹೋಗ್ಲಿ ನಿನ್ನ ಹೆಸರು!" ಎಂದು ತುಂಬಿದ ಮನೆಯಲ್ಲಿ ಕಿರುಚಿದೆ. ಮಾತಿಗೊಬ್ಬ ಮಹಾಪುರುಷನನ್ನು ಎಳೆದು ತರುವ ಕಾಕಾ ಅವತ್ತು ಧೋತರದ ಚುಂಗು ಹಿಡಿದು ನೆಲ ನೋಡುತ್ತ ನಿಂತ.

ತಂಗಿ ಎದ್ದು ಬಂದಳು. ಅವಳಿಗೆ ಅಕ್ಷರ ಕಲಿಸಿದವನೂ ಅವನೇ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಕೊನೆಯದರ ಮೇಲೆ ಬೆರಳು ನಿಂತಿತು.

"ಅಪ್ಪನ ಹೆಸರೈತಿ," ಎಂದಳು.

ವರನ ತಾಯಿಯೇ ಸೆರಗನ್ನೆತ್ತಿ ಅವಳ ಹೆಗಲ ಮೇಲೆ ಹಾಕಿ, "ಹಡದ ಅಪ್ಪನ ಹೆಸರು ಮಗಳ ಮೈಮ್ಯಾಲ ಇದ್ರ ತಪ್ಪೇನೈತಿ? ನಾಳೆ ಇದನ್ನ ಉಟ್ಕೊ ತಂಗಿ," ಎಂದಳು.

ಕಾಕಾ ನನ್ನ ಕಡೆ ತಿರುಗಿದ. "ರಾಜರ ಹೆಸರು, ಶಾಣ್ಯಾರ ಹೆಸರು ಎಲ್ಲಾ ಬುಕ್ಕಿನಾಗ ಐತೋ. ನಮ್ಮಣ್ಣ ಹುಟ್ಟಿದಾಗಿಂದ ಸಾಯೂತನಾ ನೇಯ್ದ. ಅವನ ಹೆಸರು ಎಲ್ಲಿಯೂ ಇರಲಿಲ್ಲ. ಅದಕ್ಕ..."

ಅಂಥವನ ಮೇಲೆ ಸಿಟ್ಟು ಮಾಡಿಕೊಂಡ ನನ್ನ ಮೇಲೆಯೇ ನನಗಿರುವ ಸಿಟ್ಟು ಇಂದಿಗೂ ಇಳಿದಿಲ್ಲ. ಕಾಕಾನ ಕಾಲಿಗೆ ಬೀಳಬೇಕಿತ್ತು, ಬೀಳಲಿಲ್ಲ. ಅವನು ಸೀರೆ ಮಡಚಲು ಒಂದು ತುದಿ ಹಿಡಿದ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ.