ಹಿಂದಿನ ಬ್ರೇಕಿನ ತಿರುಪು

ಎಲ್ಲಕ್ಕೂ ಮೂಲ ಮೊಳದುದ್ದದ ಒಂದು ಕಬ್ಬಿಣದ ಕಂಬಿ. ಲೈಬ್ರರಿಯನ್ನರ ಹಳೆಯ ಟ್ರಕ್ಕಿನಲ್ಲಿ ಅದು ಹಿಂದಿನ ಆಕ್ಸಲ್ಲಿನ ಸುದ್ದಿಯನ್ನು ಬ್ರೇಕಿನ ವಾಲ್ವಿಗೆ ಮುಟ್ಟಿಸುತ್ತಿತ್ತು. ಭಾರ ಬಿದ್ದು ಗಾಡಿ ಕುಗ್ಗಿದರೆ ಹಿಂದಿನ ಚಕ್ರಗಳಿಗೆ ಬ್ರೇಕು ಜಾಸ್ತಿ, ಖಾಲಿಯಿದ್ದರೆ ಕಡಿಮೆ. ಕಲ್ಲುದಾರಿ ಹತ್ತಲೆಂದು ದಪ್ಪ ಆಕ್ಸಲ್ ಹಾಕಿಸಿ ಗಾಡಿ ಎತ್ತರಿಸಿದಾಗ ಕಂಬಿ ಎಟುಕದೆ ಹೋಯಿತು. ಅದನ್ನು ಕಿತ್ತೆಸೆದು, ಕೈಯಲ್ಲಿ ತಿರುಪು ತಿರುಗಿಸುವ ವಾಲ್ವೊಂದನ್ನು ಸೀಟಿನ ಪಕ್ಕ ಕೂರಿಸಿಕೊಂಡರು. ತಿರುಪು ಬಿಗಿ ಮಾಡಿದಷ್ಟೂ ಹಿಂದಕ್ಕೆ ಬ್ರೇಕು ಜಾಸ್ತಿ; ಎಷ್ಟು ಬೇಕು ಎಂಬುದು ಇನ್ನು ಅವರದೇ ತಲೆನೋವು.

ಇಷ್ಟು ಪಾಡು ಮೌನಕ್ಕಾಗಿ. ಲೈಬ್ರರಿಯಲ್ಲಿ ದಿನವಿಡೀ 'ಶ್' ಎಂದು ಊರಿಗೆಲ್ಲ ಮೌನ ಹಂಚುವ ಈ ಮನುಷ್ಯನಿಗೆ ಮನೆಯಲ್ಲಿ ಅದರ ಚೂರೂ ಸಿಗುತ್ತಿರಲಿಲ್ಲ. ಬೀದಿಯ ಬಾಯಿಗೆ ಬೀಗವಿರಲಿಲ್ಲ. ಒಂದು ಭಾನುವಾರವಾದರೂ ಬೆಟ್ಟದ ಮೇಲೆ ಒಬ್ಬರೇ ಸುಮ್ಮನೆ ಕೂರಬೇಕು, ಅಷ್ಟೇ ಅವರ ಆಸೆ.

"ಗೇಟಿನ ಮುಂದೆ ನೆಟ್ಟಗೆ ನಿಲ್ಲಿಸಿ ತೋರಿಸಿ. ಆಮೇಲೆ ನಾಳೆ ಎಲ್ಲಿಗಾದ್ರೂ ಹೋಗಿ," ಎಂದಳು ಹೆಂಡತಿ.

ಮೊದಲ ಸಲ ಬ್ರೇಕು ಒತ್ತಿದಾಗ ಮೂತಿ ನೆಲಕ್ಕೆ ಬಗ್ಗಿತು, ಗಾಡಿ ಗೇಟು ದಾಟಿಯೇ ನಿಂತಿತು. ಎದುರುಮನೆಯ ದರ್ಜಿ ಸೂಜಿ ಕಚ್ಚಿಕೊಂಡೇ ಓಡಿಬಂದ.

"ಹಿಂದಿನ ಚಕ್ರ ಹಿಡೀತಾನೇ ಇಲ್ಲ ಸಾರ್! ನೀವು ಓಡಿಸಿ, ನಾವು ಹಿಂದೆ ಹತ್ತಿ ನಿಂತು ನೋಡಿ ಹೇಳ್ತೀವಿ."

"ನಾವು ಅಂದ್ರೆ?"

ಅಷ್ಟರಲ್ಲಿ ಬೇಕರಿಯವನು ಹತ್ತಿಯಾಗಿತ್ತು. ಅವನು ಹತ್ತಿದರೆ ಇಬ್ಬರು ಹತ್ತಿದಂತೆ. ದರ್ಜಿಯೂ ಹತ್ತಿದ. ನಿವೃತ್ತ ಪೋಸ್ಟ್‌ಮಾಸ್ತರರನ್ನು ಇಬ್ಬರೂ ಸೇರಿ ಮೇಲಕ್ಕೆಳೆದುಕೊಂಡರು.

ಮಧ್ಯಾಹ್ನವೆಲ್ಲ ಅದೇ ಕೆಲಸ. "ಇನ್ನೂ ಸಾಲ್ದು!" ಎಂದು ಮೂವರೂ ಕೂಗುವುದು, ಲೈಬ್ರರಿಯನ್ನರು ತಿರುಪನ್ನು ಇನ್ನಷ್ಟು ಬಿಗಿ ಮಾಡುವುದು. ಕೊನೆಗೊಮ್ಮೆ ಗಾಡಿ ಗೇಟಿನ ಮುಂದೆ ಗೆರೆ ಎಳೆದ ಹಾಗೆ ನಿಂತಿತು. ಮೂವರೂ ಚಪ್ಪಾಳೆ ತಟ್ಟಿದರು. ಲೈಬ್ರರಿಯನ್ನರ ಕಣ್ಣು ಒದ್ದೆಯಾಯಿತು. ಬೆಟ್ಟ ಇನ್ನು ಅವರದೇ.

"ಚೆನ್ನಾಗಿ ನಿಂತಿತಲ್ಲ! ಹೋಗೋದು ಒಬ್ಬರೇ ತಾನೇ? ಒಬ್ಬರೇ ಒಂದ್ಸಲ ನಿಲ್ಲಿಸಿ ತೋರಿಸಿ," ಎಂದಳು ಹೆಂಡತಿ.

ಮೂವರೂ ಇಳಿದರು. ಲೈಬ್ರರಿಯನ್ನರು ಮದುಮಗನ ಠೀವಿಯಲ್ಲಿ ಬಂದು ಬ್ರೇಕು ಒತ್ತಿದರು. ಹಿಂದಿನ ಚಕ್ರಗಳು ಕಿರುಚಿ ಕಚ್ಚಿಕೊಂಡವು, ಬಾಲ ಗರ್ರನೆ ಸುತ್ತಿತು. ಬಂದ ದಾರಿಗೇ ಮುಖ ಮಾಡಿ ನಿಂತ ಟ್ರಕ್ಕಿನ ಹಿಂಭಾಗ ಹೆಂಡತಿಯ ಹೂಕುಂಡಗಳ ಮೇಲಿತ್ತು.

ತಪ್ಪು ಅವರಿಗೆ ತಕ್ಷಣ ಹೊಳೆಯಿತು. "ಅವರ ಭಾರಕ್ಕೆ ಬಿಗಿ ಮಾಡಿದ್ದು ಕಣೇ! ಖಾಲಿ ಗಾಡಿಗೆ ಜಾಸ್ತಿಯಾಯ್ತು. ಸ್ವಲ್ಪ ಸಡಿಲ ಮಾಡಿದ್ರೆ..."

ಹೆಂಡತಿ ಟ್ರಕ್ಕಿನ ಬಾಗಿಲಿನಿಂದ ಕೈ ತೂರಿಸಿ, ತಿರುಪಿನ ಹಿಡಿಯನ್ನು ಕಳಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ಇವರು ಮೂರೂ ಜನ ಇದ್ದಾಗ ನೆಟ್ಟಗೆ ನಿಂತಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಇನ್ಮೇಲೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಬೆಟ್ಟಕ್ಕೆ ಹೋಗೋದಾದ್ರೆ ಇವರ ಜೊತೇಲೇ ಹೋಗಿ."

ಪೋಸ್ಟ್‌ಮಾಸ್ತರರು ದಿಂಬು ತರಲು ಆಗಲೇ ಮನೆಯತ್ತ ಹೆಜ್ಜೆ ಹಾಕಿದ್ದರು. ಬೇಕರಿಯವನು ಬನ್ನಿನ ಲೆಕ್ಕದಲ್ಲಿ ಮುಳುಗಿದ. ದರ್ಜಿ ಕಿಟಕಿಗೆ ಮುಖವಿಟ್ಟು ಅಕ್ಕರೆಯಿಂದ ಹೇಳಿದ:

"ಬೇಜಾರು ಮಾಡ್ಕೋಬೇಡಿ ಸಾರ್. ದಾರಿಯುದ್ದಕ್ಕೂ ಮಾತಾಡ್ತಾನೇ ಇರ್ತೀವಿ, ನಿಮಗೆ ಒಬ್ಬರೇ ಅನ್ನಿಸೋಕೇ ಬಿಡಲ್ಲ."